ಮುದ್ದಿಗೆ ಕೊಟ್ಟ ದ್ರಾಕ್ಷಿ, ಮಸುಕಾದ ಕಣ್ಣು

ಚಿಲಿ ದೇಶದ ಪುಟ್ಟ ಪ್ರಾಣಿ ಡೇಗು ಇಂದು ಯುರೋಪಿನ ಮನೆಮನೆಗಳಲ್ಲಿ ಮುದ್ದಿನ ಸಂಗಾತಿ. ಆದರೆ ಸಿಹಿಯನ್ನು ತಾಳಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಸಕ್ಕರೆ ಕಾಯಿಲೆ ಬಂದ ಡೇಗುವನ್ನು ನೋಡಿಕೊಳ್ಳುವುದು ಹೇಗೆ? ಅದರ ಹಿಂದಿರುವ ವಿಜ್ಞಾನವೇನು?

ಇಂಗ್ಲೆಂಡಿನ ಯಾವುದೋ ಒಂದು ಊರು, ಅಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ಹಜಾರದ ಮೂಲೆಯಲ್ಲಿ ಆಳೆತ್ತರದ ತಂತಿ ಗೂಡು. ಒಳಗೆ ಎರಡು ಡೇಗುಗಳು, ಒಂದೇ ಸೂಲಿನಲ್ಲಿ ಹುಟ್ಟಿದ ಅಣ್ಣತಮ್ಮಂದಿರು. ಶಾಲೆಯಿಂದ ಬಂದೊಡನೆ ಚೀಲವನ್ನು ಮೂಲೆಗೆಸೆದು ಗೂಡಿನ ಬಾಗಿಲು ತೆರೆಯುವುದು, ಇಬ್ಬರಿಗೂ ಒಂದೊಂದು ಒಣದ್ರಾಕ್ಷಿ ಕೊಡುವುದು ಆ ಮನೆಯ ಹತ್ತು ವರ್ಷದ ಹುಡುಗಿಯ ರೂಢಿ. ಅವು ಅದನ್ನು ಮುಂಗಾಲುಗಳಲ್ಲಿ ಹಿಡಿದು, ನಮ್ಮ ಹಿತ್ತಲಿನ ಅಳಿಲಿನ ಹಾಗೆಯೇ ಕುಕ್ಕರಗಾಲಿನಲ್ಲಿ ಕುಳಿತು ಮೆಲ್ಲುತ್ತವೆ.

ಒಂದು ಸಂಜೆ ಎಂದಿನಂತೆ ಕೈ ಚಾಚಿದಳು. ತಮ್ಮ ಬಂದು ತನ್ನ ಪಾಲು ಪಡೆದು ಓಡಿದ. ಅಣ್ಣ ಮಾತ್ರ ಕೈಯಿರುವ ಕಡೆ ಬಿಟ್ಟು ಪಕ್ಕದ ಗಾಳಿಯನ್ನು ಮೂಸುತ್ತಿದ್ದ. ಹತ್ತಿರಕ್ಕೆ ಎತ್ತಿಕೊಂಡು ನೋಡಿದರೆ ಕಪ್ಪು ಮಣಿಯಂತಿದ್ದ ಕಣ್ಣಿನೊಳಗೆ ಹಾಲಿನ ಹನಿ ಬಿದ್ದಂಥ ಬಿಳುಪು. ಆಗ ಮನೆಯವರಿಗೆ ಒಂದೊಂದೇ ನೆನಪಾಗತೊಡಗಿತು. ನೀರಿನ ಬಾಟಲಿ ಈಚೆಗೆ ಬೇಗ ಬರಿದಾಗುತ್ತಿತ್ತು. ಗೂಡಿನ ತಳದ ಹಾಸು ದಿನವೂ ಒದ್ದೆಯಾಗಿರುತ್ತಿತ್ತು. ತಿನ್ನುವುದು ಕಡಿಮೆಯಾಗಿರಲಿಲ್ಲ, ಆದರೂ ಅಣ್ಣನ ಬೆನ್ನುಮೂಳೆ ಕೈಗೆ ತಾಗುತ್ತಿತ್ತು.

ಈ ಮನೆ ಕಲ್ಪನೆಯದಿರಬಹುದು. ಆದರೆ ಡೇಗು ಸಾಕಿದವರ ಮನೆಗಳಲ್ಲಿ ಮತ್ತೆ ಮತ್ತೆ ನಡೆಯುವ ಸಂಗತಿ ಇದು. ಬಾಯಾರಿಕೆ, ಪದೇ ಪದೇ ಮೂತ್ರ, ತಿಂದರೂ ಇಳಿಯುವ ಮೈ, ಕಣ್ಣಿಗೆ ಪೊರೆ. ಈ ಲಕ್ಷಣಗಳ ಪಟ್ಟಿಯನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಮನೆಗೊಬ್ಬರಾದರೂ ಬಲ್ಲ ಕಾಯಿಲೆಯೇ ಅದು: ಸಕ್ಕರೆ ಕಾಯಿಲೆ, ಮಧುಮೇಹ.

ಯಾರು ಈ ಡೇಗು?

ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನಲ್ಲಿ ಉದ್ದನೆಯ ರಿಬ್ಬನ್ನಿನಂತೆ ಇಳಿಬಿದ್ದಿರುವ ದೇಶ ಚಿಲಿ. ಅದರ ನಡುಭಾಗದಲ್ಲಿ, ಆಂಡಿಸ್ ಪರ್ವತಸಾಲಿನ ಪಶ್ಚಿಮದ ಇಳಿಜಾರುಗಳಲ್ಲಿ ಕುರುಚಲು ಗಿಡಗಳ ಬಯಲು ಹಬ್ಬಿದೆ. ಸ್ಪಾನಿಷ್ ಭಾಷೆಯಲ್ಲಿ ಇದಕ್ಕೆ ಮಟೋರಲ್ ಎಂದು ಹೆಸರು. ಚಳಿಗಾಲದಲ್ಲಿ ಒಂದಿಷ್ಟು ಮಳೆ, ಬೇಸಿಗೆಯಲ್ಲಿ ಕಡು ಬಿಸಿಲು. ಇದೇ ಡೇಗುವಿನ ತವರು. ನೆಲದೊಳಗೆ ಬಿಲ ತೋಡಿಕೊಂಡು ಗುಂಪಾಗಿ ಬಾಳುವ ಈ ಪ್ರಾಣಿ ಇಲಿ, ಹೆಗ್ಗಣಗಳಂತೆ ರಾತ್ರಿ ಸಂಚಾರಿಯಲ್ಲ, ಹಗಲಿನ ಜೀವಿ. ತೂಕ ಸುಮಾರು 170ರಿಂದ 300 ಗ್ರಾಂ. ಕಂದು ಮೈ, ದುಂಡನೆಯ ಕಿವಿ, ತುದಿಯಲ್ಲಿ ಕಪ್ಪು ಕುಚ್ಚಿರುವ ಬಾಲ. ಶತ್ರು ಆ ಬಾಲವನ್ನು ಹಿಡಿದರೆ ಅದರ ಚರ್ಮ ಕಳಚಿ ಶತ್ರುವಿನ ಬಾಯಲ್ಲೇ ಉಳಿಯುತ್ತದೆ, ಡೇಗು ಪರಾರಿ! ಆದರೆ ಹಲ್ಲಿಗೆ ಮತ್ತೆ ಚಿಗುರುವಂತೆ ಡೇಗುವಿಗೆ ಬಾಲ ಚಿಗುರುವುದಿಲ್ಲ. ಹೋದದ್ದು ಹೋದಂತೆಯೇ. ಡೇಗು ಸಾಕುವವರು ಕಲಿಯಬೇಕಾದ ಮೊದಲ ಪಾಠವೂ ಇದೇ: ಎಂದೂ ಬಾಲ ಹಿಡಿದು ಎತ್ತಬಾರದು.

ಡೇಗು ಎಂಬ ಹೆಸರು ಚಿಲಿಯ ಮೂಲನಿವಾಸಿಗಳಾದ ಮಾಪುಚೆ ಜನರ ನುಡಿಯಿಂದ ಬಂದದ್ದು. ಚಿಲಿಯಲ್ಲೇ ಹುಟ್ಟಿದ ಪಾದ್ರಿ, ನಿಸರ್ಗ ವಿಜ್ಞಾನಿ ಹುವಾನ್ ಇಗ್ನಾಸಿಯೋ ಮೊಲಿನಾ 1782ರಲ್ಲಿ ಇಟಲಿಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಜ್ಞಾನ ಲೋಕಕ್ಕೆ ಪರಿಚಯಿಸಿದ. ಅವನು ಇದನ್ನು ಅಳಿಲಿನ ಜಾತಿಗೆ ಸೇರಿಸಿದ್ದ. ಅದು ತಪ್ಪೆಂದು ಆಮೇಲೆ ತಿಳಿಯಿತು. ಡೇಗುವಿನ ನಿಜವಾದ ಬಂಧುಗಳೆಂದರೆ ಗಿನಿಪಿಗ್, ಚಿಂಚಿಲ್ಲಾ ಮೊದಲಾದ ದಕ್ಷಿಣ ಅಮೆರಿಕದ ದಂಶಕಗಳು. ದವಡೆ ಹಲ್ಲಿನ ಮೇಲ್ಮೈ ಇಂಗ್ಲಿಷಿನ 8ರ ಅಂಕೆಯಂತೆ ಕಾಣುವುದರಿಂದ ಇದಕ್ಕೆ ಆಕ್ಟೊಡಾನ್ ಡೇಗಸ್ ಎಂಬ ಶಾಸ್ತ್ರೀಯ ನಾಮ ಸಂದಿದೆ. ಬೀಗಲ್ ಹಡಗಿನ ಯಾನದಲ್ಲಿ ಚಿಲಿಗೆ ಬಂದಿದ್ದ ಚಾರ್ಲ್ಸ್ ಡಾರ್ವಿನ್ ಕೂಡ ಬೇಲಿ ಪೊದೆಗಳಲ್ಲಿ ನೂರಾರು ಡೇಗುಗಳು ಓಡಾಡುವುದನ್ನು ಕಂಡು ಬರೆದಿಟ್ಟಿದ್ದಾನೆ.

ಬುದ್ಧಿಯಲ್ಲಿ ಇದು ಕಡಿಮೆಯದೇನಲ್ಲ. ಗೂಡಿನ ಹೊರಗಿಟ್ಟ ತಿನಿಸನ್ನು ಪುಟ್ಟ ಕುಂಟೆಯಿಂದ ಎಳೆದುಕೊಳ್ಳುವುದನ್ನು ಡೇಗುಗಳಿಗೆ ಕಲಿಸಬಹುದೆಂದು ಜಪಾನಿನ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ನಮಗೆ ಕಾಣದ ನೇರಳಾತೀತ ಬೆಳಕೂ ಅದಕ್ಕೆ ಕಾಣುತ್ತದೆ. ಗುಂಪಿನ ಜೊತೆಗಾರರನ್ನು ಬಗೆಬಗೆಯ ದನಿಗಳಿಂದ ಕರೆಯುತ್ತದೆ, ಎಚ್ಚರಿಸುತ್ತದೆ. ಮೂರು ತಿಂಗಳ ಗರ್ಭದ ನಂತರ ಹುಟ್ಟುವ ಮರಿಗಳು ಮೈತುಂಬ ಕೂದಲು ಹೊತ್ತು, ಹುಟ್ಟುವಾಗಲೇ ಕಣ್ಣು ತೆರೆದಿರುತ್ತವೆ. ಇಂಥ ಪ್ರಾಣಿ ಮನುಷ್ಯನಿಗೆ ಮುದ್ದೆನಿಸಿದ್ದರಲ್ಲಿ ಆಶ್ಚರ್ಯವೇನು? ಮೊದಲು ಪ್ರಯೋಗಾಲಯಗಳಿಗೆ, ಮೃಗಾಲಯಗಳಿಗೆ ಹೋದ ಡೇಗು ಅಲ್ಲಿಂದ ಯುರೋಪ್ ಮತ್ತು ಅಮೆರಿಕದ ಮನೆಗಳನ್ನು ಸೇರಿತು. ಕಾಡಿನಲ್ಲಿ ಬಹುಪಾಲು ಡೇಗುಗಳು ಒಂದೆರಡು ವರ್ಷಗಳಲ್ಲೇ ಗೂಬೆಗೋ ನರಿಗೋ ತುತ್ತಾಗುತ್ತವೆ. ಮನೆಯಲ್ಲಾದರೆ ಐದರಿಂದ ಎಂಟು ವರ್ಷ ಬಾಳಬಲ್ಲವು. ಆದರೆ ಮನೆಯೊಳಗೂ ಒಬ್ಬ ಶತ್ರುವಿದ್ದಾನೆ. ಅವನು ಬರುವುದು ಪ್ರೀತಿಯ ರೂಪದಲ್ಲಿ.

ಹುಲ್ಲು ತಿಂದು ಬೆಳೆದ ಕುಲ

ಮಟೋರಲ್ ಬಯಲಿನಲ್ಲಿ ಡೇಗುವಿಗೆ ಸಿಗುವುದೇನು? ಮಳೆ ಬಿದ್ದಾಗ ಹಸಿ ಹುಲ್ಲು, ಗಿಡಗಂಟಿಗಳ ಎಲೆ, ತೊಗಟೆ, ಬೀಜ. ಬೇಸಿಗೆಯಲ್ಲಿ ಒಣಗಿದ ಹುಲ್ಲು. ಅದೂ ಸಾಲದಾದಾಗ ಬಯಲಿನಲ್ಲಿ ಬಿದ್ದ ದನ, ಕುದುರೆಗಳ ಸಗಣಿಯಲ್ಲಿ ಉಳಿದ ನಾರನ್ನೂ ಅದು ಬಿಡುವುದಿಲ್ಲ. ತನ್ನ ಹಿಕ್ಕೆಯನ್ನೇ ರಾತ್ರಿಯಲ್ಲಿ ಮತ್ತೆ ತಿಂದು ಅಳಿದುಳಿದ ಸತ್ವವನ್ನು ಹೀರಿಕೊಳ್ಳುತ್ತದೆ. ಓದುವಾಗ ಅಸಹ್ಯವೆನಿಸಬಹುದು. ಆದರೆ ಬಡ ನೆಲದಲ್ಲಿ ಬದುಕಲು ನಿಸರ್ಗ ಕಲಿಸಿದ ಮಿತವ್ಯಯ ಇದು. ಅದರ ಕರುಳಿನಲ್ಲಿ ನಾರನ್ನು ಹುದುಗಿಸಿ ಒಡೆಯುವ ಸೂಕ್ಷ್ಮಜೀವಿಗಳ ದೊಡ್ಡ ತೊಟ್ಟಿಯೇ ಇದೆ.

ಈ ಊಟದಲ್ಲಿ ಇಲ್ಲದ ಒಂದು ವಸ್ತುವೆಂದರೆ ಸಿಹಿ. ಲಕ್ಷಾಂತರ ವರ್ಷಗಳ ಕಾಲ ನಾರನ್ನೇ ನಂಬಿ ಬಾಳಿದ ಕುಲಕ್ಕೆ ಸಕ್ಕರೆಯನ್ನು ನಿಭಾಯಿಸುವ ಅಗತ್ಯವೇ ಬೀಳಲಿಲ್ಲ. ಅಂಥ ಪ್ರಾಣಿಯ ಮುಂದೆ ಬಾಳೆಹಣ್ಣು, ದ್ರಾಕ್ಷಿ, ಬಿಸ್ಕತ್ತು ಇಟ್ಟರೆ? ಅದು ಬೇಡವೆನ್ನುವುದಿಲ್ಲ. ಬದಲಾಗಿ ಆಸೆಪಟ್ಟು ತಿನ್ನುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ.

ಸರಿಯಾಗಿ ಕೂರದ ಕೀಲಿಕೈ

ತಿಂದ ಆಹಾರ ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿರುವ ಗ್ಲೂಕೋಸ್ ಸ್ನಾಯು, ಕೊಬ್ಬು ಮುಂತಾದ ಅಂಗಾಂಶಗಳ ಜೀವಕೋಶಗಳ ಒಳಗೆ ಹೋಗಬೇಕಾದರೆ ಬಾಗಿಲು ತೆರೆಯುವ ಕೀಲಿಕೈ ಬೇಕು. ಮೇದೋಜ್ಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್ ಎಂಬ ಹಾರ್ಮೋನೇ ಆ ಕೀಲಿಕೈ. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇದನ್ನು ಬೇರ್ಪಡಿಸಿದ ಕಥೆ ಶಾಲಾ ಮಕ್ಕಳಿಗೂ ಗೊತ್ತು. ಮನುಷ್ಯನ ಇನ್ಸುಲಿನ್‌ನಲ್ಲಿ 51 ಅಮೈನೋ ಆಮ್ಲಗಳು ಎರಡು ಸರಗಳಲ್ಲಿ ಪೋಣಿಸಿಕೊಂಡಿವೆ. ಹಂದಿಯ ಇನ್ಸುಲಿನ್‌ಗೂ ನಮ್ಮದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಮಣಿಯದು. ದನದ್ದಕ್ಕೂ ನಮ್ಮದಕ್ಕೂ ಮೂರು. ಅದಕ್ಕಾಗಿಯೇ ದಶಕಗಳ ಕಾಲ ಹಂದಿ, ದನಗಳ ಇನ್ಸುಲಿನ್ ಚುಚ್ಚಿಸಿಕೊಂಡು ಮನುಷ್ಯರು ಬದುಕಿದರು.

ಆದರೆ ಗಿನಿಪಿಗ್, ಡೇಗುಗಳ ಬಳಗದ ಕಥೆಯೇ ಬೇರೆ. ಇವುಗಳ ಇನ್ಸುಲಿನ್ ಸರದಲ್ಲಿ ಹಲವು ಮಣಿಗಳು ಬದಲಾಗಿ ಹೋಗಿವೆ. ಉಳಿದ ಸಸ್ತನಿಗಳ ಇನ್ಸುಲಿನ್ ಮಾಡುವ ಕೆಲಸದ ನೂರರಲ್ಲಿ ಒಂದರಿಂದ ಹತ್ತು ಪಾಲನ್ನಷ್ಟೇ ಇದು ಮಾಡಬಲ್ಲದು. ಕೀಲಿಕೈ ಇದೆ, ಬೀಗದೊಳಗೆ ಹೋಗುತ್ತದೆ, ಆದರೆ ತಿರುಗಲು ಬಲು ಬಿಗಿ. 1990ರಲ್ಲಿ ಅಮೆರಿಕದ ವಿಜ್ಞಾನಿಗಳಾದ ನಿಶಿ ಮತ್ತು ಸ್ಟೈನರ್ ಡೇಗುವಿನ ಇನ್ಸುಲಿನ್ ಜೀನಿನ ಬರಹವನ್ನು ಓದಿ ಈ ವೈಚಿತ್ರ್ಯವನ್ನು ವಿವರವಾಗಿ ದಾಖಲಿಸಿದರು.

ಈ ಬಳಗದ ಇನ್ಸುಲಿನ್ ಬೇರೆಯಾಗಿರುವುದರಿಂದ ಮನುಷ್ಯನಿಗೆ ಒಂದು ಮಹದುಪಕಾರವೂ ಆಗಿದೆ. ದನದ ಇನ್ಸುಲಿನ್ನನ್ನು ಗಿನಿಪಿಗ್ಗಿಗೆ ಚುಚ್ಚಿದರೆ ಅದರ ದೇಹ ‘ಇದು ನನ್ನದಲ್ಲ’ ಎಂದು ಗುರುತಿಸಿ ಪ್ರತಿಕಾಯಗಳನ್ನು ಧಾರಾಳವಾಗಿ ತಯಾರಿಸುತ್ತದೆ. ಆ ಪ್ರತಿಕಾಯಗಳನ್ನೇ ಬಳಸಿ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ರಕ್ತದಲ್ಲಿರುವ ಅತ್ಯಲ್ಪ ಇನ್ಸುಲಿನ್ನನ್ನೂ ಅಳೆಯುವ ವಿಧಾನವನ್ನು 1960ರಲ್ಲಿ ಪ್ರಕಟಿಸಿದರು. ಬರ್ಸನ್ 1972ರಲ್ಲಿ ತೀರಿಕೊಂಡರು. ಯಾಲೊಗೆ 1977ರಲ್ಲಿ ನೊಬೆಲ್ ಬಹುಮಾನ ಬಂತು. ಇಂದು ಹಾರ್ಮೋನು ಪರೀಕ್ಷೆಗೆಂದು ಲ್ಯಾಬಿಗೆ ಹೋಗುವವರಲ್ಲಿ ಎಷ್ಟು ಜನ ಗಿನಿಪಿಗ್‌ನ ಋಣವನ್ನು ನೆನೆಯುತ್ತಾರೆ!

ಇರಲಿ. ಹುಲ್ಲು ತಿನ್ನುವವರೆಗೆ ಡೇಗುವಿಗೆ ಈ ದುರ್ಬಲ ಇನ್ಸುಲಿನ್ನೇ ಸಾಕು. ನಾರು ನಿಧಾನವಾಗಿ ಜೀರ್ಣವಾಗುತ್ತದೆ, ರಕ್ತಕ್ಕೆ ಗ್ಲೂಕೋಸ್ ಒಮ್ಮೆಲೇ ನುಗ್ಗುವುದಿಲ್ಲ. ದ್ರಾಕ್ಷಿ ತಿಂದಾಗ ಪ್ರವಾಹ ಬರುತ್ತದೆ. ಬಾಗಿಲು ತೆರೆಯದೆ ಗ್ಲೂಕೋಸ್ ರಕ್ತದಲ್ಲೇ ಉಳಿಯುತ್ತದೆ. ಮಿತಿ ಮೀರಿದ್ದು ಮೂತ್ರದ ಜೊತೆ ಹೊರಬೀಳುತ್ತದೆ, ಹೋಗುವಾಗ ನೀರನ್ನೂ ಸೆಳೆದೊಯ್ಯುತ್ತದೆ. ಅದಕ್ಕೇ ಬಾಯಾರಿಕೆ, ಅದಕ್ಕೇ ಒದ್ದೆ ಹಾಸು. ಉಣ್ಣುವ ಅನ್ನ ಮೈಗೆ ಹತ್ತದೆ ದೇಹ ತನ್ನ ಕೊಬ್ಬನ್ನೂ ಮಾಂಸವನ್ನೂ ಕರಗಿಸಿಕೊಳ್ಳತೊಡಗುತ್ತದೆ.

ಮಸೂರದಲ್ಲಿ ಉಬ್ಬಿದ ನೀರು

ಆದರೆ ಕಣ್ಣಿಗೂ ಸಕ್ಕರೆಗೂ ಏನು ಸಂಬಂಧ? ಅಡುಗೆಮನೆಯಲ್ಲೇ ಇದನ್ನು ಮನವರಿಕೆ ಮಾಡಿಕೊಳ್ಳಬಹುದು. ನಾಲ್ಕು ಒಣದ್ರಾಕ್ಷಿಯನ್ನು ಒಂದು ಲೋಟ ನೀರಿಗೆ ಹಾಕಿಡಿ. ಬೆಳಗಾಗುವಷ್ಟರಲ್ಲಿ ಅವು ಉಬ್ಬಿ ದುಂಡಗಾಗಿರುತ್ತವೆ. ಒಳಗಿನ ಸಕ್ಕರೆ ಹೊರಗಿನ ನೀರನ್ನು ಸಿಪ್ಪೆಯ ಮೂಲಕ ಸೆಳೆದುಕೊಂಡಿರುತ್ತದೆ. ವಿಜ್ಞಾನದ ಪಠ್ಯದಲ್ಲಿ ಇದಕ್ಕೆ ಪರಾಸರಣ ಎಂದು ಹೆಸರು.

ಕಣ್ಣಿನ ಮಸೂರದ ಜೀವಕೋಶಗಳೊಳಗೆ ಗ್ಲೂಕೋಸ್ ಹೋಗಲು ಇನ್ಸುಲಿನ್ನಿನ ಅಪ್ಪಣೆ ಬೇಕಿಲ್ಲ. ರಕ್ತದಲ್ಲಿ ಸಕ್ಕರೆ ಏರಿದರೆ ಮಸೂರದಲ್ಲೂ ಏರುತ್ತದೆ. ಅಲ್ಲಿ ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವ ಅದನ್ನು ಸಾರ್ಬಿಟಾಲ್ ಎಂಬ ವಸ್ತುವಾಗಿ ಬದಲಿಸುತ್ತದೆ. ಸಾರ್ಬಿಟಾಲ್ ಸುಲಭವಾಗಿ ಹೊರಗೆ ಹೋಗದು. ಒಳಗೇ ಶೇಖರವಾಗಿ ನೀರನ್ನು ಎಳೆಯುತ್ತದೆ. ಗಾಜಿನಂತೆ ಅಚ್ಚುಕಟ್ಟಾಗಿ ಜೋಡಿಸಿಕೊಂಡಿದ್ದ ಮಸೂರದ ಎಳೆಗಳು ನೀರುಂಡ ದ್ರಾಕ್ಷಿಯಂತೆ ಉಬ್ಬಿ, ಸಾಲು ಕೆಟ್ಟು, ಕೊನೆಗೆ ಬಿರಿಯುತ್ತವೆ. ಪಾರದರ್ಶಕವಾಗಿದ್ದದ್ದು ಬೆಳ್ಳಗಾಗುತ್ತದೆ. ಅದೇ ಪೊರೆ. ಅಮೆರಿಕದ ಜಿನ್ ಕಿನೋಶಿಟಾ ಎಂಬ ವಿಜ್ಞಾನಿ 1960ರ ದಶಕದಲ್ಲಿ ಈ ಸರಣಿಯನ್ನು ಬಿಡಿಸಿ ತೋರಿಸಿದರು.

ಈ ಕಿಣ್ವ ಎಲ್ಲ ಪ್ರಾಣಿಗಳ ಮಸೂರದಲ್ಲೂ ಒಂದೇ ಪ್ರಮಾಣದಲ್ಲಿಲ್ಲ. ಮನೆಯ ಸಣ್ಣಿಲಿಯಲ್ಲಿ ಬಹಳ ಕಡಿಮೆ, ಆದ್ದರಿಂದ ಸಕ್ಕರೆ ಕಾಯಿಲೆ ಬಂದ ಸಣ್ಣಿಲಿಯ ಕಣ್ಣು ಸುಲಭಕ್ಕೆ ಮಸುಕಾಗದು. ಡೇಗುವಿನಲ್ಲಿ ಅದು ಹೇರಳ. ಕಾಯಿಲೆ ತಲೆದೋರಿದ ಕೆಲವೇ ವಾರಗಳಲ್ಲಿ ಎರಡೂ ಕಣ್ಣು ಬಿಳಿಚಿಕೊಳ್ಳಬಹುದು. ಮನುಷ್ಯನಲ್ಲಿ ಸಾಮಾನ್ಯವಾಗಿ ವರ್ಷಗಟ್ಟಲೆ ಹಿಡಿಯುವ ಬದಲಾವಣೆ ಇಲ್ಲಿ ತಿಂಗಳೊಪ್ಪತ್ತಿನ ಮಾತು.

ವಿಜ್ಞಾನಿಗಳ ಕಣ್ಣು ಡೇಗುವಿನ ಮೇಲೆ ಬಿದ್ದದ್ದು ಇದೇ ಕಾರಣಕ್ಕೆ. ಮದ್ದು ಚುಚ್ಚದೆ, ಗ್ರಂಥಿ ಕತ್ತರಿಸದೆ, ತಾನಾಗಿ ಮಧುಮೇಹ ಬರಿಸಿಕೊಳ್ಳುವ ಪ್ರಾಣಿ ಸಿಕ್ಕಿತಲ್ಲ! ಆ ಕಿಣ್ವವನ್ನು ತಡೆಯುವ ಸಾರ್ಬಿನಿಲ್ ಎಂಬ ಔಷಧವನ್ನು ಮಧುಮೇಹಿ ಡೇಗುಗಳಿಗೆ ಕೊಟ್ಟರೆ ಪೊರೆಯನ್ನು ತಡೆಯಬಹುದೆಂದು 1989ರಲ್ಲಿ ವರದಿಯಾಯಿತು. ಮನುಷ್ಯರಲ್ಲಿ ಮಾತ್ರ ಆ ಔಷಧ ಅಡ್ಡಪರಿಣಾಮಗಳಿಂದಾಗಿ ಮುಂದೆ ಸಾಗಲಿಲ್ಲ. ಮನೆಯ ಗೂಡಿನಲ್ಲಿ ದುಃಖ ತರುವ ಅದೇ ದೌರ್ಬಲ್ಯ ಪ್ರಯೋಗಾಲಯದಲ್ಲಿ ಗುಣವೆನಿಸಿಕೊಂಡದ್ದು ವಿಪರ್ಯಾಸವೇ ಸರಿ.

ಒಂದು ಹನಿ ಮೂತ್ರದ ಸಾಕ್ಷಿ

ಮತ್ತೆ ಆ ಮನೆಗೆ ಬರೋಣ. ಕಣ್ಣು ಬೆಳ್ಳಗಾಗಿದೆ ಎಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯೇ ಎಂದು ತೀರ್ಮಾನಿಸುವಂತಿಲ್ಲ. ವಯಸ್ಸಾದ ಡೇಗುಗಳಲ್ಲಿ ಮುಪ್ಪಿನ ಪೊರೆ ಬರುತ್ತದೆ. ಕೆಲವು ವಂಶಗಳಲ್ಲಿ ಹುಟ್ಟಿನಿಂದಲೇ ಅದರ ಒಲವಿರುತ್ತದೆ. ಹೆಚ್ಚು ನೀರು ಕುಡಿಯುವುದಕ್ಕೆ ಮೂತ್ರಪಿಂಡದ ತೊಂದರೆಯೂ ಕಾರಣವಾಗಬಹುದು. ಆದ್ದರಿಂದ ಮೊದಲ ಕೆಲಸ ಪರೀಕ್ಷೆ.

ಅದು ಕಷ್ಟದ್ದೇನಲ್ಲ. ತೊಳೆದು ಒರೆಸಿ ಒಣಗಿಸಿದ ಪ್ಲಾಸ್ಟಿಕ್ ಡಬ್ಬದಲ್ಲಿ, ಹಾಸು ಏನೂ ಇಲ್ಲದಂತೆ, ಡೇಗುವನ್ನು ಸ್ವಲ್ಪ ಹೊತ್ತು ಬಿಡುತ್ತಾರೆ. ಹೊಸ ಜಾಗವೆಂದರೆ ಅದು ಹೆಚ್ಚಾಗಿ ನಾಲ್ಕು ಹನಿ ಮೂತ್ರ ಮಾಡಿ ಗುರುತು ಹಾಕುತ್ತದೆ. ಸೂಜಿ ತೆಗೆದ ಸಿರಿಂಜಿನಲ್ಲಿ ಅದನ್ನು ಎಳೆದುಕೊಂಡು, ಔಷಧದ ಅಂಗಡಿಯಲ್ಲಿ ಸಿಗುವ ಮೂತ್ರ ಪರೀಕ್ಷೆಯ ಪಟ್ಟಿಯ ಮೇಲೆ ಬಿಟ್ಟರೆ ಬಣ್ಣ ಬದಲಾಗುವುದರಿಂದ ಗ್ಲೂಕೋಸ್ ಇದೆಯೋ ಇಲ್ಲವೋ ತಿಳಿಯುತ್ತದೆ. ಡಬ್ಬದಲ್ಲಿ ಸಾಬೂನಿನ ಅಂಶವಾಗಲಿ ತಿಂಡಿಯ ಚೂರಾಗಲಿ ಇದ್ದರೆ ಫಲಿತಾಂಶ ಕೆಡುತ್ತದೆ. ಬಾಟಲಿಯ ಮೇಲೆ ಬರೆದಷ್ಟೇ ಸೆಕೆಂಡುಗಳ ನಂತರ ಬಣ್ಣ ನೋಡಬೇಕು.

ಇಲ್ಲೊಂದು ಎಚ್ಚರಿಕೆ ಬೇಕು. ಹೆದರಿದ ಪ್ರಾಣಿಯ ರಕ್ತದಲ್ಲಿ ಸಕ್ಕರೆ ತಾತ್ಕಾಲಿಕವಾಗಿ ಏರುತ್ತದೆ. ಆಸ್ಪತ್ರೆಗೆ ಪೆಟ್ಟಿಗೆಯಲ್ಲಿ ಕುಲುಕಿಕೊಂಡು ಬಂದು, ಅಪರಿಚಿತರ ಕೈಯಲ್ಲಿ ಒದ್ದಾಡಿದ ಡೇಗುವಿನ ಒಂದೇ ಒಂದು ರಕ್ತ ಪರೀಕ್ಷೆಯನ್ನು ನಂಬಿ ತೀರ್ಪು ಕೊಡುವುದು ತಪ್ಪಾದೀತು. ಬೇರೆ ಬೇರೆ ದಿನಗಳಲ್ಲಿ, ಮನೆಯ ನೆಮ್ಮದಿಯಲ್ಲಿ ಹಿಡಿದ ಮೂತ್ರದಲ್ಲೂ ಮತ್ತೆ ಮತ್ತೆ ಗ್ಲೂಕೋಸ್ ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಅದೇ ಪಟ್ಟಿಯಲ್ಲಿ ಕೀಟೋನ್ ಎಂಬ ಇನ್ನೊಂದು ಚೌಕವೂ ಇರುತ್ತದೆ. ದೇಹ ತನ್ನ ಕೊಬ್ಬನ್ನೇ ಉರಿಸತೊಡಗಿದಾಗ ಅದರ ಬಣ್ಣ ಬದಲಾಗುತ್ತದೆ. ಹಾಗಾದರೆ ತಡಮಾಡದೆ ಪಶುವೈದ್ಯರ ಬಳಿಗೆ ಓಡಬೇಕು, ಅದರಲ್ಲೂ ಇಂಥ ಸಣ್ಣ ಪ್ರಾಣಿಗಳ ಅನುಭವವುಳ್ಳ ವೈದ್ಯರ ಬಳಿಗೆ.

ಪಥ್ಯವೇ ಮದ್ದು

ಮನುಷ್ಯನಿಗಾದರೆ ಮಾತ್ರೆಯೋ ಇಂಜೆಕ್ಷನ್ನೋ ಉಂಟು. ಕಾಲು ಕಿಲೋ ತೂಗದ ಜೀವಕ್ಕೆ ದಿನವೂ ಇನ್ಸುಲಿನ್ ಚುಚ್ಚುವುದು, ಅದರ ಪ್ರಮಾಣವನ್ನು ಹೊಂದಿಸುವುದು, ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತು ಬರದಂತೆ ಕಾಯುವುದು ಕತ್ತಿಯಂಚಿನ ನಡಿಗೆ. ಹಾಗಾಗಿ ಬಹುಪಾಲು ವೈದ್ಯರು ಮೊದಲು ಹಿಡಿಯುವ ದಾರಿ ಪಥ್ಯದ್ದು. ಸಮಾಧಾನದ ಸಂಗತಿಯೆಂದರೆ, ಹೊತ್ತಿಗೆ ಸರಿಯಾಗಿ ಆರಂಭಿಸಿದರೆ ಎಷ್ಟೋ ಡೇಗುಗಳು ಪಥ್ಯದಿಂದಲೇ ಸುಧಾರಿಸುತ್ತವೆ.

ಪಥ್ಯದ ತಳಹದಿ ಒಣಹುಲ್ಲು. ಹಗಲೂ ರಾತ್ರಿ ಗೂಡಿನಲ್ಲಿ ಒಳ್ಳೆಯ ಒಣಹುಲ್ಲು ಇರಲೇಬೇಕು, ಎಷ್ಟು ತಿಂದರೂ ಸರಿಯೆ. ಅದರ ಜೊತೆಗೆ ಅಳತೆಮಾಡಿದ ಒಂದಿಷ್ಟು ಗುಳಿಗೆ ಆಹಾರ. ಇದನ್ನು ಕೊಳ್ಳುವಾಗ ಚೀಟಿ ಓದುವ ಅಭ್ಯಾಸ ಬೇಕು. ಮೊಲ, ಗಿನಿಪಿಗ್‌ಗಳಿಗೆಂದು ಮಾರುವ ಎಷ್ಟೋ ಆಹಾರಗಳಲ್ಲಿ ರುಚಿಗೆಂದೂ ಅಂಟಿಗೆಂದೂ ಕಾಕಂಬಿ ಬೆರೆಸಿರುತ್ತಾರೆ. ದ್ರಾಕ್ಷಿ ನಿಲ್ಲಿಸಿ ಕಾಕಂಬಿ ಕೊಟ್ಟರೆ ಏನು ಪ್ರಯೋಜನ? ಒಣಗಿದ ಹಣ್ಣು, ಜೇನು ಸವರಿದ ಕಾಳಿನ ಕಡ್ಡಿ, ಬಣ್ಣಬಣ್ಣದ ‘ಟ್ರೀಟ್’ಗಳೂ ಇದೇ ಪಟ್ಟಿಗೆ ಸೇರುತ್ತವೆ. ಪೊಟ್ಟಣದ ಮೇಲೆ ಡೇಗುವಿನ ಚಿತ್ರವಿದ್ದರೂ ಒಳಗೆ ಡೇಗುವಿಗೆ ಒಗ್ಗುವುದೇ ಇರುತ್ತದೆಂದು ನಂಬುವಂತಿಲ್ಲ. ಸೊಪ್ಪುಗಳನ್ನು ಸ್ವಲ್ಪ ಸ್ವಲ್ಪ ಕೊಡಬಹುದು. ಗಜ್ಜರಿಯಂಥ ಸಿಹಿ ಗೆಡ್ಡೆ ಕಾಯಿಲೆಯಿರುವ ಪ್ರಾಣಿಗೆ ಬೇಡವೇ ಬೇಡ. ಸೂರ್ಯಕಾಂತಿ ಬೀಜ, ಶೇಂಗಾ ಕೊಬ್ಬಿನ ಗಣಿ. ಸಿಹಿ ಇಲ್ಲವೆಂದು ಅವನ್ನು ಸುರಿದರೆ ಬೊಜ್ಜು ಬಂದು ಇನ್ನೊಂದು ತೊಂದರೆ ಗಂಟುಬೀಳುತ್ತದೆ.

ಆಹಾರವನ್ನು ಒಂದೇ ದಿನಕ್ಕೆ ಬದಲಿಸುವುದೂ ಅಪಾಯ. ಕರುಳಿನ ಸೂಕ್ಷ್ಮಜೀವಿಗಳು ಹೊಸ ಊಟಕ್ಕೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಹಳೆಯದನ್ನು ದಿನದಿನಕ್ಕೆ ಕಡಿಮೆ ಮಾಡುತ್ತ ಹೊಸದನ್ನು ಹೆಚ್ಚಿಸುತ್ತ ಹೋಗಬೇಕು. ಸಿಹಿ ಮಾತ್ರ ಇದಕ್ಕೆ ಹೊರತು, ಅದನ್ನು ಇಂದೇ ನಿಲ್ಲಿಸಬೇಕು. ಸಕ್ಕರೆ ಇಳಿಯಲೆಂದು ಉಪವಾಸ ಕೆಡವುವುದಂತೂ ಘೋರ ತಪ್ಪು. ಡೇಗುವಿನ ಕರುಳು ಸದಾ ಚಲಿಸುತ್ತಿರಬೇಕು. ಒಂದು ದಿನ ಪೂರ್ತಿ ತಿನ್ನದೆ ಕುಳಿತ ಡೇಗು ಎಂದರೆ ತುರ್ತು ಚಿಕಿತ್ಸೆಯ ರೋಗಿ. ವೈದ್ಯರು ಅಂಥದಕ್ಕೆ ನಾರಿನ ಪುಡಿಯನ್ನು ನೀರಿನಲ್ಲಿ ಕಲಸಿ ಸಿರಿಂಜಿನಿಂದ ಬಾಯಿಗೆ ಹನಿಸುತ್ತಾರೆ. ಮನೆಯಲ್ಲಿ ಉಳಿದ ಮಾತ್ರೆ ಕೊಡುವ ಸಾಹಸವೂ ಬೇಡ. ಪೆನ್ಸಿಲಿನ್ ಜಾತಿಯ ಕೆಲವು ಔಷಧಗಳು ಬಾಯಿಯ ಮೂಲಕ ಹೋದರೆ ಈ ಬಳಗದ ಪ್ರಾಣಿಗಳ ಕರುಳಿನ ಉಪಕಾರಿ ಜೀವಿಗಳನ್ನು ಕೊಂದು ಪ್ರಾಣಕ್ಕೇ ಎರವಾಗುತ್ತವೆ.

ಇನ್ನು ವ್ಯಾಯಾಮ. ಬಯಲಲ್ಲಿ ಓಡಿ ಬೆಳೆದ ಕುಲ ಇದು. ಸಂದುಗಳಿಲ್ಲದ ಗಟ್ಟಿ ಮೈಯ ಅಗಲವಾದ ಓಡುಚಕ್ರ, ಹತ್ತಿ ಇಳಿಯಲು ಹಲಗೆಗಳು, ಕೆರೆಯಲು ಮಣ್ಣು, ಮೈ ಹೊರಳಿಸಲು ಮರಳು ಇದ್ದರೆ ದೇಹ ಚುರುಕಾಗಿರುತ್ತದೆ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನೂ ಮೂತ್ರ ಪರೀಕ್ಷೆಯ ಫಲಿತಾಂಶವನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ನಂಬಿಕೆಯ ವೈದ್ಯಕೀಯ ಸಾಧನ. ಕಣ್ಣಿಗೆ ಕಾಣದ ಇಳಿಕೆ ತಕ್ಕಡಿಗೆ ಮೊದಲು ಕಾಣುತ್ತದೆ.

ಕತ್ತಲೆಯಲ್ಲೂ ನಡೆಯುವ ಬಾಳು

ಸಕ್ಕರೆ ಹತೋಟಿಗೆ ಬರಬಹುದು. ಪೂರ್ತಿ ಬೆಳ್ಳಗಾದ ಮಸೂರ ಮಾತ್ರ ಮತ್ತೆ ತಿಳಿಯಾಗದು. ಮನುಷ್ಯರಿಗೆ ಇಂದು ಪೊರೆ ತೆಗೆಯುವುದು ಅರ್ಧ ಗಂಟೆಯ ಕೆಲಸ. ಡೇಗುವಿನ ಪುಟ್ಟ ಕಣ್ಣಿಗೆ, ಅರಿವಳಿಕೆಯ ಅಪಾಯದ ನಡುವೆ, ಅಂಥ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ವಿರಳ. ಹಾಗಾದರೆ ಅದನ್ನು ಕೊನೆಗಾಣಿಸುವುದೇ ಕರುಣೆಯೇ ಎಂಬ ಪ್ರಶ್ನೆ ಸಾಕಿದವರನ್ನು ಕಾಡುತ್ತದೆ.

ಉತ್ತರ ಡೇಗುವೇ ಕೊಡುತ್ತದೆ. ಬಿಲದ ಕತ್ತಲೆ ಅದಕ್ಕೆ ಹೊಸದಲ್ಲ. ಮೀಸೆಯ ಕೂದಲು ಗೋಡೆಯನ್ನು ಅಳೆಯುತ್ತದೆ, ಮೂಗು ದಾರಿ ತೋರುತ್ತದೆ, ಜೊತೆಗಾರನ ದನಿ ದಿಕ್ಕು ಹೇಳುತ್ತದೆ. ಗೂಡಿನ ವಸ್ತುಗಳನ್ನು ಇದ್ದಲ್ಲೇ ಇರಗೊಟ್ಟರೆ ಕುರುಡು ಡೇಗು ಕೆಲವೇ ದಿನಗಳಲ್ಲಿ ತನ್ನ ಲೋಕದ ನಕ್ಷೆಯನ್ನು ನೆನಪಿಟ್ಟುಕೊಂಡು ಓಡಾಡುತ್ತದೆ. ಎತ್ತರದ ಹಲಗೆಗಳನ್ನು ತಗ್ಗಿಸಬೇಕು, ನಡುನಡುವೆ ಇಳಿಜಾರು ಮೆಟ್ಟಿಲಿಡಬೇಕು. ಮುಟ್ಟುವ ಮುನ್ನ ಮಾತಾಡಿಸಬೇಕು. ಹದ್ದಿಗೆ ಹೆದರುವ ಪ್ರಾಣಿಗೆ ಮೇಲಿನಿಂದ ಇಳಿಯುವ ಕೈ ಎಂದರೆ ಹದ್ದೇ.

ಎಲ್ಲಕ್ಕಿಂತ ಮುಖ್ಯವಾದದ್ದು ಜೊತೆ. ಅಣ್ಣನಿಗೆ ಪಥ್ಯವೆಂದು ತಮ್ಮನಿಂದ ವಾರಗಟ್ಟಲೆ ಬೇರೆ ಇಟ್ಟರೆ ಇಬ್ಬರೂ ಒಬ್ಬರ ವಾಸನೆಯನ್ನೊಬ್ಬರು ಮರೆಯುತ್ತಾರೆ. ಮತ್ತೆ ಸೇರಿಸಿದಾಗ ರಕ್ತ ಬರುವಂತೆ ಕಚ್ಚಾಡುವುದೂ ಉಂಟು. ಅದಕ್ಕಿಂತ ಇಬ್ಬರಿಗೂ ಒಂದೇ ಪಥ್ಯ ಮಾಡುವುದು ಲೇಸು. ರೋಗಿಗೆ ಮದ್ದಾದದ್ದು ಆರೋಗ್ಯವಂತನಿಗೆ ಮುನ್ನೆಚ್ಚರಿಕೆಯಾಗುತ್ತದೆ.

ಹಲ್ಲು ಕಿತ್ತಳೆ ಬಣ್ಣವಿದ್ದರೆ ಚೆನ್ನ

ಮನುಷ್ಯರ ಹಲ್ಲು ಬೆಳ್ಳಗಿರಬೇಕು, ಡೇಗುವಿನ ಬಾಚಿ ಹಲ್ಲು ಕಿತ್ತಳೆ ಬಣ್ಣವಿರಬೇಕು! ಅದರ ಎನಾಮಲ್ ಪದರದಲ್ಲಿ ಸೇರಿರುವ ಕಬ್ಬಿಣದ ಅಂಶ ಆ ಬಣ್ಣ ಕೊಡುತ್ತದೆ. ಬೆಳೆದ ಡೇಗುವಿನ ಹಲ್ಲು ಬಿಳಿಚಿಕೊಂಡರೆ ಏನೋ ಕೆಟ್ಟಿದೆ ಎಂದರ್ಥ. ಆಹಾರದಲ್ಲಿ ಸುಣ್ಣದ ಅಂಶ ಕಡಿಮೆಯಾಗಿ ರಂಜಕ ಹೆಚ್ಚಾದಾಗಲೂ ಹೀಗಾಗುತ್ತದೆ.

ಡೇಗುವಿನ 20 ಹಲ್ಲುಗಳೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಒರಟು ಹುಲ್ಲನ್ನು ಅರೆದು ಅರೆದು ಸವೆಸಬೇಕು. ಮೆದು ತಿನಿಸು ಹೆಚ್ಚಾದರೆ ಸವೆತ ಸಾಲದೆ ದವಡೆ ಹಲ್ಲು ಉದ್ದವಾಗಿ ನಾಲಿಗೆ, ಕೆನ್ನೆಗಳನ್ನು ಚುಚ್ಚುತ್ತದೆ. ಬುಡದ ಕಡೆಗೂ ಬೆಳೆದು ಮೂಗಿನ ದಾರಿಯನ್ನು ಒತ್ತುತ್ತದೆ. ಗಲ್ಲ ಒದ್ದೆಯಾಗುವುದು, ಒಣಹುಲ್ಲು ಬಿಟ್ಟು ಮೆದುವಾದದ್ದನ್ನೇ ಆರಿಸಿ ತಿನ್ನುವುದು, ಉಸಿರಾಟದಲ್ಲಿ ಸದ್ದು ಇದರ ಗುರುತುಗಳು. ಝೆಕ್ ದೇಶದ ಬ್ರನೋ ನಗರದ ಪಶುವೈದ್ಯರು 300 ಸಾಕು ಡೇಗುಗಳ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 60ರಷ್ಟು ಪ್ರಾಣಿಗಳಿಗೆ ಹಲ್ಲಿನ ಕಾಯಿಲೆಯಿತ್ತು. ತೂಕ ಇಳಿದರೆ ಸಕ್ಕರೆಯನ್ನಷ್ಟೇ ಅಲ್ಲ, ಬಾಯಿಯನ್ನೂ ಪರೀಕ್ಷಿಸಬೇಕು ಎನ್ನುವುದು ಇದಕ್ಕೇ. ಎರಡಕ್ಕೂ ಮುಖ್ಯ ಮದ್ದು ಒಂದೇ, ಒಣಹುಲ್ಲು.

ಪ್ರೀತಿಯ ಅಳತೆ

ಚಿಲಿಯ ಈ ಪುಟ್ಟ ಪ್ರಾಣಿ ನಮ್ಮ ಊರಿನ ಹಜಾರಗಳಲ್ಲಿ ಕಾಣುವುದು ಅಪರೂಪ. ಆದರೆ ಅದರ ಕಥೆ ನಮಗೆ ದೂರದ್ದಲ್ಲ. ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನವೊಂದು 2023ರಲ್ಲಿ ಅಂದಾಜು ಮಾಡಿತು. ಆದರೂ ಮದುವೆ ಮನೆಯಲ್ಲಿ ‘ಒಂದು ದಿನಕ್ಕೆ ಏನಾಗುತ್ತೆ, ಹಾಕಿಸ್ಕೊಳ್ಳಿ’ ಎಂದು ಬೇಡವೆಂದವರ ಎಲೆಗೆ ಹೋಳಿಗೆ ಹಾಕದಿದ್ದರೆ ನಮಗೆ ಉಪಚಾರ ಮಾಡಿದ ತೃಪ್ತಿಯಿಲ್ಲ. ತಿನ್ನಿಸುವುದೇ ಪ್ರೀತಿ ಎಂದು ಬಗೆದವರು ಇಂಗ್ಲೆಂಡಿನ ಆ ಹುಡುಗಿಯೊಬ್ಬಳೇ ಅಲ್ಲ.

ಅವಳ ಮನೆಯಲ್ಲಿ ಈಗ ಒಣದ್ರಾಕ್ಷಿಯ ಡಬ್ಬ ಮೇಲಿನ ಕಪಾಟು ಸೇರಿದೆ. ಶಾಲೆಯಿಂದ ಬಂದವಳು ಒಣಗಿದ ಎಲೆಯೊಂದನ್ನು ಹಿಡಿದು ಗೂಡಿನ ಬಳಿ ಕೂರುತ್ತಾಳೆ, ಮೊದಲು ಹೆಸರು ಹಿಡಿದು ಕರೆಯುತ್ತಾಳೆ. ಅಣ್ಣ ದನಿಯ ದಿಕ್ಕಿಗೆ ಬರುತ್ತಾನೆ, ಮೀಸೆಯಿಂದ ಅವಳ ಬೆರಳನ್ನು ತಡವಿ ನೋಡುತ್ತಾನೆ, ಎಲೆಯನ್ನು ಎರಡೂ ಮುಂಗಾಲುಗಳಲ್ಲಿ ಹಿಡಿದು ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಅವನಿಗೆ ಬೇಕಾಗಿದ್ದದ್ದು ಆ ಹೊತ್ತಿಗೆ ಬರುವ ಕೈ. ಅದರಲ್ಲಿ ದ್ರಾಕ್ಷಿಯೇ ಇರಬೇಕೆಂದು ಅವನೇನೂ ಹಟ ಹಿಡಿದಿರಲಿಲ್ಲ.